ಮುಷ್ಟಿಯುದ್ಧವೂ ಸ್ನೇಹವೂ

ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಎಂಬ ಮುಷ್ಟಿಯುದ್ಧವೇತಕ್ಕೆ ಎಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಪೆಟ್ಟಿನ ಭಯವು ಸಹಜವಾದುದೇ. ಆದರೆ ಮಾತು ಮುಂದುವರಿದಂತೆ ಮತ್ತೊಂದು ಸಂಕೋಚವೂ ಹೊರಬೀಳುತ್ತದೆ: ಮೈಗೆ ಮೈ ತಾಗಿಸಿ ಹೋರಾಡುವುದು ಹೆಣ್ಣಿಗೆ ತರವೇ? ಈ ಸಂಕೋಚವನ್ನು ಕುರಿತೇ ನಾವು ಕೆಲವು ಮಾತುಗಳನ್ನು ಅರಿಕೆಮಾಡಬಯಸುತ್ತೇವೆ.

ಇಂತಹ ಹೋರಾಟವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ವಜ್ರಮುಷ್ಟಿ ಕಾಳಗವನ್ನು ನಡೆಸುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಾಣಿಸಿದೊಡನೆ ಕಾಳಗವು ನಿಲ್ಲುತ್ತದೆ. ಗರಡಿಯ ಪೈಲ್ವಾನರು ಕೈಗೆ ಕೈಕೊಟ್ಟ ಮೇಲೆಯೇ ಕುಸ್ತಿ ಹಿಡಿಯುತ್ತಾರೆ. ಬಲಕ್ಕಿಂತ ಮೊದಲು ಮರ್ಯಾದೆ, ಬಲಕ್ಕೊಂದು ಎಲ್ಲೆ.

ಮುಷ್ಟಿಯುದ್ಧದ ಧರ್ಮವೂ ಇದೇ. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಕಣದೊಳಗೆ ಅಪ್ಪಿ ಹಿಡಿಯುವುದನ್ನು ನಿಷೇಧಿಸಿದುವು. ಆದರೂ ದಣಿದವರು ಎದುರಾಳಿಯ ತೋಳುಗಳನ್ನು ಬಿಗಿಹಿಡಿದು ಆ ಮೈಗೇ ಒರಗುವುದುಂಟು. ಅಷ್ಟು ಸಮೀಪದಲ್ಲಿ ಬಲವಾದ ಪೆಟ್ಟು ಬೀಳಲಾರದು. ತೀರ್ಪುಗಾರರು ಹೇಳಿದೊಡನೆ ಇಬ್ಬರೂ ಬಿಟ್ಟು ಹಿಂದೆ ಸರಿಯತಕ್ಕದ್ದು. ಕಡೆಯ ಗಂಟೆಯಾದ ಬಳಿಕ ಅದೇ ತೋಳುಗಳು ಸ್ನೇಹದಿಂದ ಆಲಂಗಿಸುತ್ತವೆ. ಇದು ಕಪಟವಲ್ಲ. ಎದುರಾಳಿಯ ಉಸಿರನ್ನೂ ಅಳುಕನ್ನೂ ಧೈರ್ಯವನ್ನೂ ಅವರಷ್ಟು ಹತ್ತಿರದಿಂದ ಕಂಡವರು ನೆರೆದ ಜನರಲ್ಲಿ ಒಬ್ಬರೂ ಇರಲಾರರು.

ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರ ಮುಷ್ಟಿಯುದ್ಧವು ಪದಕದ ಸ್ಪರ್ಧೆಯಾದುದು 2012ರಲ್ಲಿ, ಲಂಡನ್ನಿನಲ್ಲಿ. ಅಲ್ಲಿ 51 ಕಿಲೋ ವರ್ಗದಲ್ಲಿ ಕಂಚಿನ ಪದಕವನ್ನು ಪಡೆದ ಮಣಿಪುರದ ಮೇರಿ ಕೋಮ್ ಆಗಲೇ ಅವಳಿ ಮಕ್ಕಳ ತಾಯಿ. ತೊಟ್ಟಿಲು ತೂಗಿದ ಕೈಯ ಕೋಮಲತೆ ಮುಷ್ಟಿಯಿಂದ ಕೆಡುವುದೆಂದು ಇನ್ನು ಹೇಳುವಂತಿಲ್ಲ.

ನಮ್ಮ ಹುಡುಗಿಯರು ಬಲ್ಲ ಸ್ಪರ್ಶಗಳು ಎರಡು: ಮನೆಯವರ ಅಕ್ಕರೆಯದೊಂದು, ಬಸ್ಸಿನ ನೂಕುನುಗ್ಗಲಿನಲ್ಲಿ ಮೈ ಮುದುರಿಸುವುದು ಇನ್ನೊಂದು. ಸಮಾನರಾದವರು ನಿಯಮಕ್ಕೆ ಒಳಪಟ್ಟು ಪರಸ್ಪರ ಒಪ್ಪಿ ಎದುರಾಗುವ ಮೂರನೆಯದನ್ನು ಕಣವು ಕಲಿಸುತ್ತದೆ. ಅದನ್ನು ಅರಿತವಳಿಗೆ ಎಲ್ಲೆ ಮೀರಿದ ಕೈ ಯಾವುದೆಂದು ಒಡನೆ ತಿಳಿಯುತ್ತದೆ. 'ನಿಲ್ಲಿಸು' ಎನ್ನಲು ನಾಲಿಗೆ ತಡವರಿಸುವುದಿಲ್ಲ.

ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ತಲೆಗೆ ಮರಳಿ ಮರಳಿ ಬೀಳುವ ಪೆಟ್ಟು ಮೆದುಳಿಗೆ ಕೇಡು. ಆದುದರಿಂದ ನುರಿತ ಶಿಕ್ಷಕರೂ ವೈದ್ಯರ ಪರೀಕ್ಷೆಯೂ ಇಲ್ಲದ ಕಡೆಗೆ ಮಗಳನ್ನು ಕಳುಹಿಸಬಾರದು. ಮತ್ತೊಂದು ಅಪಾಯವನ್ನೂ ಮರೆಯಬಾರದು. 2023ರಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರನ್ನು ಹೊತ್ತು ಧರಣಿ ಕುಳಿತರು. ಅವರ ದೂರು ಎದುರಾಳಿಗಳ ಮೇಲಲ್ಲ, ಅಧಿಕಾರದಲ್ಲಿದ್ದವರ ಮೇಲೆ. ಕಣದೊಳಗಿನ ಸ್ಪರ್ಶಕ್ಕೆ ತೀರ್ಪುಗಾರರಿದ್ದಾರೆ. ಕಣದ ಹೊರಗಿನದಕ್ಕೆ ಹೆತ್ತವರೂ ಉಪಾಧ್ಯಾಯರೂ ಕಾವಲಿರಬೇಕು.

ತಂದೆತಾಯಿಗಳೇ, ಇಂದು ತಾಯಂದಿರಾಗಿರುವ ನಮ್ಮ ಹಿಂದಿನ ವಿದ್ಯಾರ್ಥಿನಿಯರೇ, ಮಗಳು ಕೈಗವಸು ಬೇಕೆಂದರೆ ಸಂಕೋಚದಿಂದ ಬೇಡವೆನ್ನಬೇಡಿರಿ. ಕಲಿಸುವವರು ಯಾರು, ಎಲ್ಲಿ, ಯಾವ ನಿಯಮದಲ್ಲಿ ಎಂಬುದನ್ನು ವಿಚಾರಿಸಿರಿ. ಸರಿಕಂಡರೆ ನೀವೇ ಜೊತೆಯಲ್ಲಿ ಹೋಗಿ ಸೇರಿಸಿ ಬನ್ನಿರಿ.