ಮುಕ್ಕಾಲಿಯ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಇವು ಸುಣ್ಣಕಲ್ಲನ್ನು ನಂಬಿ ಬಾಳುವ ಊರುಗಳು. ಮನೆಯ ನೆಲಕ್ಕೆ ಹಾಸುಗಲ್ಲು, ದೂರದ ನಗರಗಳಿಗೆ ಸಿಮೆಂಟು, ಇವೆರಡನ್ನೂ ಹೊತ್ತೊಯ್ಯುವ ಲಾರಿ ಮತ್ತು ರೈಲು. ಇದು ಇಲ್ಲಿನ ದಿನಚರಿ. ಚಿಂಚೋಳಿಯ ದಾರಿಯಲ್ಲಿಯೂ ಲಾರಿಗಳ ಓಡಾಟಕ್ಕೆ ಕೊರತೆಯಿಲ್ಲ. ಈ ಚಕ್ರಗಳ ನಡುವೆ ಹುಟ್ಟಿ ಬೆಳೆಯುವ ಬೀದಿನಾಯಿಯ ಮರಿಗಳಲ್ಲಿ ಕೆಲವಕ್ಕೆ ಕಾಲು ಹೋಗುತ್ತದೆ, ಕೆಲವಕ್ಕೆ ಬೆನ್ನುಹುರಿಗೆ ಪೆಟ್ಟು ಬೀಳುತ್ತದೆ. ಅಂತಹ ಮರಿಯೊಂದನ್ನು ಮನೆಗೆ ತರಬಹುದೆ? ತರುವುದಾದರೆ ಯಾವ ತಿಳಿವಳಿಕೆಯೊಡನೆ ತರಬೇಕು? ಮರುಕವೊಂದೇ ಇದಕ್ಕೆ ಸಾಲದು, ಲೆಕ್ಕವೂ ಬೇಕು ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾವು ಬಂದದ್ದು ತಪ್ಪು ಮಾಡಿ.

ಎರಡು ವರ್ಷಗಳ ಹಿಂದೆ ನಾವು ಇಂತಹ ಮರಿಯೊಂದನ್ನು ತಂದೆವು. ಗಾಯಗೊಂಡ ಪ್ರಾಣಿಗಳನ್ನು ತಮ್ಮ ಖರ್ಚಿನಿಂದಲೇ ಸಲಹುತ್ತಿದ್ದ ಕೆಲವು ಯುವಕರ ಬಳಿ ಅದು ಇದ್ದಿತು. ಅದರ ಎಡ ಹಿಂಗಾಲನ್ನು ಪಶುವೈದ್ಯರು ಶಸ್ತ್ರಕ್ರಿಯೆಯಿಂದ ಆಗಲೇ ತೆಗೆದಿದ್ದರು. ನೆರೆಹೊರೆಯವರು ಅದನ್ನು ‘ಮುಕ್ಕಾಲು ನಾಯಿ’ ಎಂದು ನಕ್ಕರು. ನಾವು ಕಡೆಯ ಅಕ್ಷರವನ್ನು ತಿದ್ದಿ ‘ಮುಕ್ಕಾಲಿ’ ಎಂದು ಹೆಸರಿಟ್ಟೆವು.

ಮುಕ್ಕಾಲಿ ಪೀಠವನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರಬಹುದು. ತಗ್ಗುದಿಣ್ಣೆಯ ನೆಲದ ಮೇಲೆ ನಾಲ್ಕು ಕಾಲಿನ ಮೇಜು ಕುಂಟುತ್ತದೆ; ಮೂರು ಕಾಲಿನದು ಕುಂಟುವುದಿಲ್ಲ. ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲವು ಹಾದುಹೋಗಬಲ್ಲುದೆಂಬುದೇ ಇದಕ್ಕೆ ಕಾರಣ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಮೂರು ಪಾದಗಳ ತ್ರಿಕೋನದೊಳಗೆ ಬೀಳುವವರೆಗೆ ಪೀಠವು ಉರುಳದು. ನಮ್ಮ ಮರಿಗೂ ಇಷ್ಟೇ ಸಾಕೆಂದು ನಾವು ಭಾವಿಸಿದೆವು. ಆದರೆ ಪೀಠವು ನಡೆಯುವುದಿಲ್ಲ, ನಾಯಿ ನಡೆಯಬೇಕು. ಒಂದು ಕಾಲನ್ನು ಎತ್ತಿದೊಡನೆ ಉಳಿಯುವುವು ಎರಡೇ ಪಾದಗಳು. ತ್ರಿಕೋನವು ಕೇವಲ ರೇಖೆಯಾಗುತ್ತದೆ. ನಿಂತ ಸೈಕಲ್ಲು ಬೀಳುತ್ತದೆ, ಓಡುವ ಸೈಕಲ್ಲು ಬೀಳದು. ಮೂರು ಕಾಲಿನ ನಾಯಿಯೂ ಹೀಗೆ ಚಲನೆಯಲ್ಲಿಯೇ ಸಮತೋಲವನ್ನು ಕಂಡುಕೊಳ್ಳುತ್ತದೆ. ಆದುದರಿಂದ ಅದಕ್ಕೆ ಓಟಕ್ಕಿಂತ ನಿಧಾನದ ನಡಿಗೆಯೂ ಬಹಳ ಹೊತ್ತು ನಿಲ್ಲುವುದೂ ಹೆಚ್ಚು ದಣಿವು.

ಇದನ್ನು ಅರಿಯದೆ ನಾವು ಅದನ್ನು ಹಗ್ಗ ಹಿಡಿದು ಮೆಲ್ಲಮೆಲ್ಲನೆ ನಡೆಸಿದೆವು. ಅದು ನಡುದಾರಿಯಲ್ಲಿ ಕುಳಿತುಬಿಟ್ಟಿತು. ಪಾಪವೆಂದು ಎತ್ತಿಕೊಂಡು ತಿರುಗಿದೆವು. ಪಾಪವೆಂದು ಒಂದು ರೊಟ್ಟಿಯನ್ನು ಹೆಚ್ಚಾಗಿಯೇ ಹಾಕಿದೆವು. ಕೆಲವು ತಿಂಗಳಲ್ಲಿ ಮರಿ ದಪ್ಪವಾಯಿತು, ಉಳಿದ ಹಿಂಗಾಲು ನೋಯತೊಡಗಿತು. ಪಶುವೈದ್ಯರು ನಮ್ಮನ್ನು ತರಾಟೆಗೆ ತೆಗೆದುಕೊಂಡರು. ನಿಂತ ನಾಯಿಯ ತೂಕದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೂ 40 ಪಾಲು ಹಿಂಗಾಲುಗಳ ಮೇಲೆಯೂ ಇರುತ್ತದೆ. 15 ಕಿಲೋಗ್ರಾಂ ತೂಕದ ನಾಯಿಯಲ್ಲಿ ಪ್ರತಿಯೊಂದು ಹಿಂಗಾಲೂ ಸುಮಾರು 3 ಕಿಲೋಗ್ರಾಂ ಹೊರುತ್ತದೆ. ಒಂದು ಕಾಲು ಹೋದಾಗ ಅದರ ಪಾಲನ್ನು ಉಳಿದ ಮೂರೂ ಹಂಚಿಕೊಳ್ಳಬೇಕು. ಅಂತಹ ಪ್ರಾಣಿಗೆ ಬೇಡದ ತೂಕವನ್ನು ಕೂಡಿಸುವುದು ಪ್ರೀತಿಯಲ್ಲ. ಭೌತಶಾಸ್ತ್ರವನ್ನು ಕಲಿಸುವ ನಾವೇ ಈ ಸರಳ ಲೆಕ್ಕವನ್ನು ಮಾಡಿರಲಿಲ್ಲ.

ಎರಡನೆಯದು ನೆಲದ ಲೆಕ್ಕ. ನಯಗೊಳಿಸಿದ ಶಹಾಬಾದ ಕಲ್ಲಿನ ಮೇಲೆ ಘರ್ಷಣೆ ಕಡಿಮೆ. ಪಾದವು ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ಪ್ರಾಣಿಯನ್ನು ಮುಂದಕ್ಕೆ ತಳ್ಳಬೇಕಾದರೆ ಘರ್ಷಣೆ ಇರಲೇಬೇಕು. ಮುಕ್ಕಾಲಿ ಅಡಿಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ನಾಲ್ಕು ಬಾರಿ ಜಾರುತ್ತಿತ್ತು. ಗೋಣಿತಟ್ಟನ್ನು ಹಾಸಿದ ದಿನವೇ ಜಾರುವುದು ನಿಂತಿತು. ಮೂರನೆಯದು ಬಿಸಿಲಿನ ಲೆಕ್ಕ. ಬೇಸಗೆಯಲ್ಲಿ ನಮ್ಮ ಸೀಮೆಯ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಬಿಸಿಲಿಗೆ ಬಿದ್ದ ಕಲ್ಲು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ನಾಯಿಯು ಮುಖ್ಯವಾಗಿ ತೇಕಿನಿಂದ ಮೈಯನ್ನು ತಂಪಾಗಿಸಿಕೊಳ್ಳುವುದು. ಮನುಷ್ಯನಂತೆ ಮೈಯೆಲ್ಲ ಬೆವರಿ ಅಲ್ಲ. ಹಿಂಗಾಲುಗಳ ಸ್ವಾಧೀನ ತಪ್ಪಿ ಮೈಯನ್ನು ಎಳೆದುಕೊಂಡು ಹೋಗುವ ಮರಿಗಂತೂ ಮಧ್ಯಾಹ್ನದ ಅಂಗಳವೆಂದರೆ ಕಾದ ಹೆಂಚು. ಅಂತಹ ಮರಿಗೆ ಎರಡು ಗಾಲಿಯ ಪುಟ್ಟ ಬಂಡಿಯನ್ನು ಕಟ್ಟಿದರೆ ಎಳೆತದ ಘರ್ಷಣೆಯ ಬದಲಿಗೆ ಉರುಳುವ ಘರ್ಷಣೆ ಮಾತ್ರ ಉಳಿಯುತ್ತದೆ, ಚರ್ಮವೂ ಹುಣ್ಣಾಗದು.

ಕುರುಡು, ಕಿವುಡು ಮರಿಗಳ ಲೆಕ್ಕ ಬೇರೆ. ಕುರುಡು ನಾಯಿ ಮೂಗಿನಿಂದಲೂ ಕಿವಿಯಿಂದಲೂ ಮನೆಯ ನಕ್ಷೆಯನ್ನು ಕಲಿಯುತ್ತದೆ. ಮನುಷ್ಯನಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳಿಸಿದರೆ ನಾಯಿಗೆ 40,000ಕ್ಕೂ ಮೀರಿದ ಧ್ವನಿ ಕೇಳಿಸುವುದು. ಅದಕ್ಕಾಗಿ ನಾವು ಮಾಡಬೇಕಾದುದು ಇಷ್ಟೆ: ಮಂಚ ಮೇಜುಗಳನ್ನು ಪದೇಪದೇ ಸ್ಥಳ ಬದಲಿಸದಿರುವುದು. ಕಿವುಡು ಮರಿಗೆ ಕೈಸನ್ನೆಯನ್ನು ಕಲಿಸಬಹುದು. ನೆಲವನ್ನು ಕಾಲಿನಿಂದ ತಟ್ಟಿದರೆ ಕಂಪನವನ್ನು ಅರಿತು ತಿರುಗಿ ನೋಡುತ್ತದೆ.

“ಮನುಷ್ಯರಿಗೇ ಆಸ್ಪತ್ರೆಯಿಲ್ಲದಿರುವಾಗ ನಾಯಿಗೇಕೆ ಇಷ್ಟು ಉಪಚಾರ?” ಎಂದು ಹಲವರು ಕೇಳುವರು. ಪ್ರಶ್ನೆ ಕಡೆಗಣಿಸತಕ್ಕದ್ದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳೂ ಸಮೀಪದ ಕನಗನಹಳ್ಳಿಯಲ್ಲಿ ಅವನ ಹೆಸರನ್ನು ಕೆತ್ತಿದ ಶಿಲ್ಪವೂ ದೊರೆತಿವೆ. ಬೇರೆಡೆಗಳಲ್ಲಿ ದೊರೆತಿರುವ ತನ್ನ ಎರಡನೆಯ ಬಂಡೆಶಾಸನದಲ್ಲಿ ಆ ದೊರೆ ಮನುಷ್ಯರ ಚಿಕಿತ್ಸೆಯನ್ನೂ ಪ್ರಾಣಿಗಳ ಚಿಕಿತ್ಸೆಯನ್ನೂ ಒಟ್ಟಿಗೆ ಹೇಳಿದ್ದಾನೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅವನಿಗೆ ತೋರಲಿಲ್ಲ, ನಮಗೂ ತೋರುವುದಿಲ್ಲ. ರೋಗಿಯೊಬ್ಬನ ಔಷಧವನ್ನು ಕಸಿದು ನಾವು ಮುಕ್ಕಾಲಿಗೆ ಕೊಡಲಿಲ್ಲ. ನಮ್ಮ ಬಿಡುವಿನ ಹೊತ್ತನ್ನೂ ನಾಲ್ಕು ರೊಟ್ಟಿಯನ್ನೂ ಕೊಟ್ಟೆವು.

ಇನ್ನು ವಿದ್ಯಾರ್ಥಿಮಿತ್ರರಿಗೆ ಮುಖ್ಯವಾದ ಮಾತು. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಎಂಬ ಕನ್ನಡ ಚಿತ್ರವನ್ನು ನೋಡಿ ಕಣ್ಣೀರಿಟ್ಟವರು ನಮ್ಮ ತರಗತಿಯಲ್ಲಿಯೂ ಉಂಟು. ಕಣ್ಣೀರು ತಪ್ಪಲ್ಲ, ಆದರೆ ಅದು ಒಂದು ಸಂಜೆಯದು, ನಾಯಿಯ ಆಯುಷ್ಯವೋ ಹತ್ತು ಹನ್ನೆರಡು ವರ್ಷದ್ದು. ಇಂದು ಹತ್ತನೆಯ ತರಗತಿಯಲ್ಲಿರುವವರು ನಾಳೆ ಕಲಬುರಗಿಯ ವಿದ್ಯಾರ್ಥಿನಿಲಯದಲ್ಲಿಯೋ ಬೆಂಗಳೂರಿನ ಕೆಲಸದಲ್ಲಿಯೋ ಇರುವಿರಿ. ಆಗ ಗೋಣಿತಟ್ಟನ್ನು ಹಾಸುವವರು ಯಾರು? ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಒಮ್ಮೆ ಹಾಕಿಸಿದರೆ ಮುಗಿಯದು. ಪಶುವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು. ಅದನ್ನು ನೆನಪಿಡುವವರು ಯಾರು? ತಾಯಿತಂದೆಯರು ಒಪ್ಪಿ, ಮನೆಯ ಇನ್ನೊಬ್ಬರು ಹೊಣೆ ಹೊತ್ತ ಮೇಲೆಯೇ ಮರಿಯನ್ನು ತನ್ನಿರಿ. ತಂದ ಮೇಲೆ ಸಾಕಾಯಿತೆಂದು ಬೀದಿಗೆ ಬಿಡುವುದು ನಿಷ್ಕರುಣೆ ಮಾತ್ರವಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಹೊಣೆ ಹೊರಲಾರದವರು ಮರಿಯನ್ನು ತರದಿರುವುದೇ ಲೇಸು. ಅವರು ಸಲಹುವವರ ಬಳಿಗೆ ವಾರಕ್ಕೊಮ್ಮೆ ಹೋಗಿ ನೀರಿಡಬಹುದು, ಹಳೆಯ ಗೋಣಿಯನ್ನು ಕೊಡಬಹುದು, ಲೋಹದ ಕೊಳವೆಗೆ ಗಾಲಿ ಜೋಡಿಸಿ ಬಂಡಿಯನ್ನು ಮಾಡಿಕೊಡಬಹುದು. ಅದೂ ನಿಜವಾದ ಸಹಾಯವೇ.

ಮುಕ್ಕಾಲಿ ಈಗ ಹಗುರಾಗಿದೆ. ಸೂರ್ಯೋದಯಕ್ಕೆ ಮೊದಲು ನಮ್ಮೊಡನೆ ಹೊರಡುತ್ತದೆ. ನಾವು ನಿಧಾನವಾಗಿ ನಡೆದರೆ ಅದು ಕಾಯುವುದಿಲ್ಲ. ಮುಂದೆ ಓಡಿ, ಹಾಸುಗಲ್ಲಿನ ಕಟ್ಟೆಯೊಂದರ ಮೇಲೆ ಕುಳಿತು, ನಾವು ಬರುವ ದಾರಿಯನ್ನು ನೋಡುತ್ತಿರುತ್ತದೆ.