ಪ್ರಿಂಟರ್ ಆನ್ ಆಗುತ್ತಿಲ್ಲವೇ? ಗೋಡೆಯಿಂದ ಶುರು ಮಾಡಿ

ಶನಿವಾರ ರಾತ್ರಿ ಎಂಟೂವರೆಗೆ ಕಾಕಾ ಫೋನ್ ಮಾಡಿದರು. "ತಮ್ಮಾ, ಪ್ರಿಂಟರ್ ಚಾಲೂನ ಆಗವಲ್ದು. ನಾ ಏನೂ ಮಾಡಿಲ್ಲಪಾ."

ಕಾಕಾ ಗದಗಿನ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾಗಿ ನವರಂಗಪುರದಲ್ಲೇ ಉಳಿದುಕೊಂಡವರು. ಪ್ರತಿ ಭಾನುವಾರ ಸಂಜೆ ಅವರ ಮನೆಯ ಹಾಲ್‌ನಲ್ಲಿ ಹನ್ನೊಂದು ಮಕ್ಕಳು ಕನ್ನಡ ಕಲಿಯುತ್ತಾರೆ, ನನ್ನ ಮಗಳೂ ಸೇರಿ. ನಮ್ಮ ಸುತ್ತಿನ ಪುಸ್ತಕದಂಗಡಿಗಳಲ್ಲಿ ಕನ್ನಡ ಕಾಪಿ ಪುಸ್ತಕ ಕೇಳಿದರೆ ನಮ್ಮ ಮುಖ ನೋಡುತ್ತಾರೆ. ಹಾಗಾಗಿ ಕಾಗುಣಿತದ ಹಾಳೆಗಳನ್ನು ಕಾಕಾನೇ ಚುಕ್ಕೆ ಅಕ್ಷರಗಳಲ್ಲಿ ಮುದ್ರಿಸುತ್ತಾರೆ, ಮಕ್ಕಳು ಚುಕ್ಕೆಗಳ ಮೇಲೆ ಪೆನ್ಸಿಲ್ ಓಡಿಸುತ್ತಾರೆ. ಪ್ರಿಂಟರ್ ನಿಂತರೆ ಪಾಠವೂ ಅರ್ಧ ನಿಂತ ಹಾಗೆ.

ನಾನು ಸಾಫ್ಟ್‌ವೇರ್‌ನವನು. ಅಂದರೆ ನಮ್ಮ ಬಂಧುಬಳಗದ ಲೆಕ್ಕದಲ್ಲಿ ಪ್ರಿಂಟರ್ ರಿಪೇರಿಯವನು. ಇಪ್ಪತ್ತು ವರ್ಷದಿಂದ ಅಲ್ಲಗಳೆದು ಸಾಕಾಗಿ ಈಗ ಮಲ್ಟಿಮೀಟರ್ ಇಟ್ಟುಕೊಂಡೇ ಹೋಗುತ್ತೇನೆ.

ಕಾಕಾ ಸಂಜೆಯೇ ಒಂದು ಅಂಗಡಿಗೆ ಅದನ್ನು ಹೊತ್ತು ಹೋಗಿ ಬಂದಿದ್ದರು. ಅಂಗಡಿಯವನು ಮುಚ್ಚಳವನ್ನೂ ತೆಗೆಯದೆ "ಬೋರ್ಡ್ ಊಡಿ ಗಯು ಛೇ ಕಾಕಾ, ನವುಂ ಲೈ ಲೋ" ಎಂದನಂತೆ. ಬೋರ್ಡ್ ಹೋಗಿರಲೂಬಹುದು. ಆದರೆ ಒಂದು ದೀಪವೂ ಹತ್ತದ ಪ್ರಿಂಟರ್‌ನಲ್ಲಿ ಬೋರ್ಡ್ ಅನ್ನು ಕೊನೆಗೆ ಶಂಕಿಸಬೇಕು, ಮೊದಲಿಗಲ್ಲ. ಶಾಯಿ ಮುಗಿದರೆ, ಕಾಗದ ಸಿಕ್ಕಿಕೊಂಡರೆ, ವೇಸ್ಟ್ ಇಂಕ್ ಪ್ಯಾಡ್ ತುಂಬಿದರೆ ದೀಪ ಮಿನುಗಿ ಗೋಳಾಡುತ್ತದೆ. ಏನೂ ಇಲ್ಲ, ಪೂರ್ತಿ ಕತ್ತಲೆ ಎಂದರೆ ಕರೆಂಟು ಎಲ್ಲೋ ದಾರಿಯಲ್ಲೇ ನಿಂತಿದೆ. ಆ ದಾರಿ ಶುರುವಾಗುವುದು ಗೋಡೆಯಿಂದ.

ಗೋಡೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿದೆ, ಚಾರ್ಜ್ ಆಯಿತು. ಸ್ಪೈಕ್ ಬಸ್ಟರ್ ಬಿಟ್ಟು ನೇರವಾಗಿ ಗೋಡೆಗೇ ಸಿಕ್ಕಿಸಿದೆ. ಇಲ್ಲ. ಮುಂದಿನದು ವೈರ್. ಹೆಚ್ಚಿನ ಮನೆ ಪ್ರಿಂಟರ್‌ಗಳ ವೈರ್ ನಮ್ಮ ಟೇಪ್ ರೆಕಾರ್ಡರ್ ಕಾಲದ ಎರಡು ತೂತಿನ ವೈರೇ. ಕಾಕು ಅಟ್ಟದಿಂದ ಹಳೆಯ ಟು-ಇನ್-ಒನ್ ಇಳಿಸಿ ಅದರ ವೈರ್ ಕೊಟ್ಟರು. ಸರಿಯಾಗಿ ಕೂತಿತು, ಆದರೂ ಇಲ್ಲ. ಆಮೇಲೆ ಯುಎಸ್‌ಬಿ ಸಮೇತ ಎಲ್ಲ ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಹತ್ತು ನಿಮಿಷ ಹಾಗೇ ಬಿಟ್ಟೆ. ಒಳಗೆ ಉಳಿದ ಚಾರ್ಜ್ ಇಳಿದು, ಗಲಿಬಿಲಿಗೊಂಡ ಪ್ರಿಂಟರ್ ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ಅಷ್ಟರಲ್ಲಿ ಚಹಾ, ಚೋಡಾ ಆಯಿತು. ಪ್ರಿಂಟರ್ ಮಾತ್ರ ಏಳಲಿಲ್ಲ.

ಉಳಿದದ್ದು ಪವರ್ ಸಪ್ಲೈ. ಕೆಲವು ಪ್ರಿಂಟರ್‌ಗಳಲ್ಲಿ ಇದು ಲ್ಯಾಪ್‌ಟಾಪಿನ ಹಾಗೆ ಹೊರಗಿನ ಅಡಾಪ್ಟರ್. ಕಾಕಾನದು ಹಿಂಬದಿಯಿಂದ ಜಾರಿಸಿ ತೆಗೆಯುವ ಸಣ್ಣ ಪೆಟ್ಟಿಗೆ. ಲೇಬಲ್ ಮೇಲೆ 24 ವೋಲ್ಟ್ ಎಂದಿತ್ತು, ಮೀಟರ್ ಸೊನ್ನೆ ತೋರಿಸಿತು. ಒಂದು ಎಚ್ಚರಿಕೆ: ಆ ಪೆಟ್ಟಿಗೆಯ ಸ್ಕ್ರೂ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಪೆಟ್ಟಿಗೆಯನ್ನು ಇಡಿಯಾಗಿ ಬದಲಿಸುವುದೇ ಸರಿ.

ಅದು ಯಾಕೆ ಸತ್ತಿತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಪ್ರಿಂಟರ್ ಇದ್ದದ್ದು ಪಡುವಣ ಕಿಟಕಿಯ ಬುಡದಲ್ಲಿ. ಕೆಪಾಸಿಟರ್‌ಗಳ ವಿಷಯದಲ್ಲಿ ಒಂದು ಸ್ಥೂಲ ಲೆಕ್ಕವಿದೆ: ಸೆಕೆ ಪ್ರತಿ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ. 2016ರ ಮೇ 20ರಂದು 48 ಡಿಗ್ರಿ ಕಂಡ ಊರು ಇದು. ಬೆಂಗಳೂರಿನಲ್ಲಿ ಎಂಟು ವರ್ಷ ಬಾಳುವ ವಸ್ತು ಇಲ್ಲಿನ ಕಿಟಕಿ ಪಕ್ಕದಲ್ಲಿ ಅಷ್ಟು ಬಾಳಬೇಕೆಂದಿಲ್ಲ.

ಮರುದಿನ ಭಾನುವಾರವಾದದ್ದು ನಮ್ಮ ಅದೃಷ್ಟ. ಊರಲ್ಲಿ ಗುಜರಿ ಎಂದರೆ ಹಳೇ ಸಾಮಾನು, ಇಲ್ಲಿ ಗುಜರಿ ಎಂದರೆ ಸಂತೆ. ಎಲ್ಲಿಸ್ ಬ್ರಿಡ್ಜ್ ಬಳಿ ಸಾಬರಮತಿ ದಂಡೆಯಲ್ಲಿ ಸೇರುವ ರವಿವಾರಿಯಲ್ಲಿ ಎರಡೂ ಅರ್ಥ ಒಟ್ಟಿಗೇ ಸಿಗುತ್ತವೆ. ಮಂಚ, ಮಡಕೆ, ಹೊಲಿಗೆ ಯಂತ್ರ, ಮೇಕೆ ದಾಟಿ ಎಲೆಕ್ಟ್ರಾನಿಕ್ಸ್ ಸಾಲಿಗೆ ಬಂದಾಗ ಅದೇ ಮಾಡೆಲ್‌ನ ಪ್ರಿಂಟರ್ ಒಂದು ಸ್ಕ್ಯಾನರ್ ಗಾಜು ಒಡೆದುಕೊಂಡು ಮಲಗಿತ್ತು. ಅದರ ಪೆಟ್ಟಿಗೆ ಮಾತ್ರ ಕೇಳಿದೆ. ಮುನ್ನೂರು ಎಂದ, ನೂರೈವತ್ತಕ್ಕೆ ಬಂದ. ನಡೆಯದಿದ್ದರೆ ವಾಪಸ್ ಇಲ್ಲ. ಲೇಬಲ್‌ನ ಮಾಡೆಲ್ ನಂಬರು, ವೋಲ್ಟು, ಆಂಪಿಯರು ಮೂರೂ ಹೊಂದುತ್ತವೆಯೇ ಎಂದು ಫೋನಿನ ಫೋಟೋ ಜೊತೆ ಹೋಲಿಸಿ ಕೊಂಡೆ. "ಕೂತ್ಕೊಳ್ತದೆ" ಎಂಬ ಒಂದೇ ಕಾರಣಕ್ಕೆ ಬೇರೆ ಅಡಾಪ್ಟರ್ ಚುಚ್ಚಿ ಒಳ್ಳೆಯ ಬೋರ್ಡ್ ಸುಟ್ಟವರನ್ನು ಕಂಡಿದ್ದೇನೆ.

ಮನೆಗೆ ಬಂದು ಮೀಟರ್ ಹಿಡಿದೆ, 24 ಬಂತು. ಜಾರಿಸಿ ಗುಂಡಿ ಒತ್ತಿದಾಗ ಹಸಿರು ದೀಪ ಹತ್ತಿ, ಹೆಡ್ ಆ ಕಡೆ ಈ ಕಡೆ ಓಡಾಡಿತು. ಈ ಹಂತದಲ್ಲೂ ಕತ್ತಲೆಯೇ ಇದ್ದಿದ್ದರೆ ನಾನು ಕೈ ಮುಗಿದು ಮೆಕ್ಯಾನಿಕ್‌ಗೆ ಒಪ್ಪಿಸುತ್ತಿದ್ದೆ. ಸುರಿದ ಶಾಯಿ ಹೆಡ್‌ನ ಚಪ್ಪಟೆ ಕೇಬಲ್‌ಗೆ ತಾಗಿ ಬೋರ್ಡಿನ ಫ್ಯೂಸ್ ಹಾರುವುದುಂಟು, ಅದು ನನ್ನ ಕೈಗೆ ಮೀರಿದ್ದು.

ಆದರೆ ಮೊದಲ ಹಾಳೆಯಲ್ಲಿ 'ಖ' ಅಡ್ಡಡ್ಡ ಸೀಳಿಕೊಂಡು ಬಂತು. ಶಾಯಿ ಒಣಗಿತ್ತು. ಪ್ರಿಂಟರ್‌ನದೇ ಗುಂಡಿಯಿಂದ ಆರಿಸಿದರೆ ಹೆಡ್ ಮೂಲೆಗೆ ಹೋಗಿ ರಬ್ಬರ್ ಟೋಪಿಯ ಮೇಲೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಮುದ್ರಣ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಿದರೆ ಬಾಯಿ ತೆರೆದೇ ಉಳಿಯಬಹುದು. ಸೆಕೆಗಾಲದ ಇಲ್ಲಿನ ಒಣ ಗಾಳಿಗೆ ಅಷ್ಟು ಸಾಕು. ಎರಡು ಸಲ ಹೆಡ್ ಕ್ಲೀನಿಂಗ್ ಕೊಟ್ಟ ಮೇಲೆ 'ಖ' ಕೂಡಿಕೊಂಡಿತು. ಕ್ಲೀನಿಂಗ್‌ಗೆ ಶಾಯಿ ಬಹಳ ಹೋಗುತ್ತದೆ, ಮೂರನೆಯದಕ್ಕೆ ನಾನು ಮನಸ್ಸು ಮಾಡಲಿಲ್ಲ.

ಐದಕ್ಕೆ ಮಕ್ಕಳು ಬಂದಾಗ ಹಾಳೆಗಳು ಇನ್ನೂ ಬೆಚ್ಚಗಿನ ಶಾಯಿ ವಾಸನೆ ಬರುತ್ತಿದ್ದವು. ಕಾಕಾ ಸ್ವಿಚ್ ಬೋರ್ಡಿನ ಮೇಲೆ ಚೀಟಿ ಅಂಟಿಸಿದರು: "ಮೊದಲ ಪ್ರಿಂಟರ್ ಗುಂಡಿ, ಆಮ್ಯಾಲೆ ಇದು." ಕಾಕು ಕನ್ನಡಕ ಹಾಕಿಕೊಂಡು ಅದನ್ನು ಓದಿ, ನನ್ನ ಕಡೆ ತಿರುಗಿ, "ದಿನಾ ರಾತ್ರಿ ಆ ಸ್ವಿಚ್ ಆರಸಾವ್ರು ಯಾರು ಅಂತ ಕೇಳಪಾ ಇವ್ರನ್ನ" ಎಂದರು.