ಚೈನ್ ಎಳೆದಷ್ಟೂ ಬೊಗಳಾಟ ಜಾಸ್ತಿ: ವಾಕಿಂಗ್ ಹೊತ್ತಿನ ನಾಯಿ ಜಗಳಕ್ಕೆ ಬೀದಿ ನಾಯಿ ಒಂದೇ ಕಾರಣವಾ?

ಸಾಗರ: ಬೆಳಗ್ಗೆ ಬೇಗ ಬಿ.ಎಚ್. ರಸ್ತೆಯಲ್ಲಿ ಅಂಗಡಿ ಬಾಗಿಲು ತೆಗೆಯುವವರಿಗೆ ಈ ದೃಶ್ಯ ಹೊಸದೇನಲ್ಲ. ಒಬ್ಬರು ಲ್ಯಾಬ್ರಡಾರ್ ಹಿಡಿದು ಬರ್ತಿರ್ತಾರೆ, ಎದುರಿನಿಂದ ಇನ್ನೊಬ್ಬರು ಪೊಮೇರಿಯನ್ ಹಿಡಿದು. ಇಪ್ಪತ್ತು ಅಡಿ ದೂರ ಇರುವಾಗಲೇ ಎರಡೂ ಹಿಂಗಾಲ ಮೇಲೆ ನಿಂತು ಅಬ್ಬರಿಸೋಕೆ ಶುರು. ಮಾಲೀಕರು ಚೈನ್ ಜಗ್ಗಿ "ನೋ, ನೋ" ಅಂತ ಕೂಗ್ತಾರೆ. ಬೇಕರಿ ಕಟ್ಟೆ ಕೆಳಗೆ ಮಲಗಿದ್ದ ನಾಲ್ಕು ಬೀದಿ ನಾಯಿಗಳೂ ಎದ್ದು ಸೇರ್ಕೊಳ್ತವೆ. ಹಾಲಿನ ಕ್ಯಾನ್ ಹೇರಿಕೊಂಡು ಬಂದ ಬೈಕಿನವನು ಬ್ರೇಕ್ ಹಾಕಿ ವಾಲಾಡ್ತಾನೆ. ಕೊನೆಗೆ ಎಲ್ಲರೂ ಹೇಳೋದು ಒಂದೇ ಮಾತು: "ಈ ಬೀದಿ ನಾಯಿ ಕಾಟ ನಗರಸಭೆಯವರಿಗೆ ಕಾಣೋದೇ ಇಲ್ವಾ?"

ಬೀದಿ ನಾಯಿ ಸಮಸ್ಯೆ ಇಲ್ಲ ಅಂತ ಯಾರೂ ಹೇಳಲ್ಲ. ಆದ್ರೆ ಮೇಲಿನ ಜಗಳ ಶುರು ಮಾಡಿದ್ದು ಚೈನ್ ಹಾಕಿದ್ದ ನಾಯಿಗಳು. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಬೀದಿ ನಾಯಿಗಳನ್ನೆಲ್ಲ ಹಿಡಿದುಕೊಂಡು ಹೋದ್ರೆ ಎಲ್ಲ ಸರಿಹೋಗುತ್ತೆ ಅಂತ ಕಾಯ್ತಾ ಕೂತವರು ಒಂದು ವಿಷಯ ಗಮನಿಸಬೇಕು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲ ಬೀದಿ ನಾಯಿಗಳನ್ನು ಶೆಲ್ಟರಿಗೆ ಸಾಗಿಸಲು ಹೇಳಿತ್ತು. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ವಾಪಸ್ ಬಿಡಬೇಕು. ರೇಬೀಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳಿಗೆ ಮಾತ್ರ ಇದು ಅನ್ವಯಿಸಲ್ಲ ಎಂದಿತು. ಎಲ್ಲ ರಾಜ್ಯಗಳನ್ನೂ ಪ್ರಕರಣಕ್ಕೆ ಸೇರಿಸಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣದಂಥ ಜಾಗಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದಿತು. ಪೇಟೆ ಬೀದಿ, ಬಡಾವಣೆ ರಸ್ತೆ ಈ ಪಟ್ಟಿಯಲ್ಲಿಲ್ಲ. ಅಂದ್ರೆ ನೀವು ವಾಕಿಂಗ್ ಹೋಗೋ ರಸ್ತೆಯಲ್ಲಿ ನಾಯಿ ಇದ್ದೇ ಇರುತ್ತೆ ಅಂತಲೇ ಲೆಕ್ಕ ಹಾಕಿಕೊಳ್ಳಬೇಕು.

ಮನೆಯಲ್ಲಿ ಮಗು ಥರ ಇರೋ ನಾಯಿ ರಸ್ತೆಗೆ ಬಂದ ಕೂಡಲೇ ಯಾಕೆ ಹೀಗಾಡುತ್ತೆ? ಬಿಟ್ಟ ನಾಯಿಗಳು ಭೇಟಿ ಆಗೋದನ್ನ ನೋಡಿ. ನೇರ ಮುಖಕ್ಕೆ ಮುಖ ಕೊಟ್ಟು ಬರೋದು ಕಡಿಮೆ. ಸ್ವಲ್ಪ ಬಳಸಿಕೊಂಡು, ಪಕ್ಕದಿಂದ ಬಂದು, ಮೂಸಿ ನೋಡಿ, ಬೇಡ ಅನಿಸಿದ್ರೆ ದೂರ ಹೋಗ್ತವೆ. ಚೈನ್ ಹಾಕಿದ ನಾಯಿಗೆ ಆ ದಾರಿ ಇಲ್ಲ. ಇಕ್ಕಟ್ಟಾದ ರಸ್ತೆಯಲ್ಲಿ ನೇರ ಎದುರುಬದುರು ಬರಬೇಕು, ಹೆದರಿಕೆ ಆದ್ರೆ ಓಡೋಕಾಗಲ್ಲ, ಆಸೆ ಆದ್ರೆ ಹತ್ತಿರ ಹೋಗೋಕಾಗಲ್ಲ. ಅದಕ್ಕೇ ಕೂಗುತ್ತೆ. ಕೂಗಿದಾಗ ಎದುರಿನ ನಾಯಿ ದಾಟಿ ಹೋಗುತ್ತಲ್ಲ, "ಕೂಗಿದ್ದಕ್ಕೇ ಹೋಯ್ತು" ಅಂತ ಇದು ಕಲಿಯುತ್ತೆ. ನಾಳೆ ಇನ್ನೂ ದೂರದಿಂದಲೇ ಶುರು ಹಚ್ಚಿಕೊಳ್ಳುತ್ತೆ.

ಈಗ ನಾವು ಮಾಡೋ ತಪ್ಪು. ಬೇರೆ ನಾಯಿ ಕಂಡ ಕೂಡಲೇ ಚೈನ್ ಬಿಗಿ ಹಿಡೀತೀವಿ, ಕತ್ತು ಒತ್ತುತ್ತೆ. ಕೆಲವರು ಕೋಲಲ್ಲಿ ಎರಡು ಬಿಡ್ತಾರೆ. ನಾಯಿ ಹಾಕೋ ಲೆಕ್ಕ ಇಷ್ಟೇ: ಬೇರೆ ನಾಯಿ ಬಂದಾಗಲೆಲ್ಲ ನನಗೆ ನೋವಾಗುತ್ತೆ. ದ್ವೇಷ ಹೆಚ್ಚದೆ ಇನ್ನೇನಾಗುತ್ತೆ? ನಮ್ಮನೆ ನಾಯಿ ವಿಷಯದಲ್ಲಿ ನಾನೂ ಒಂದು ವರ್ಷ ಇದನ್ನೇ ಮಾಡಿದೆ. ಕೈ ನೋವು ಬಂದಿದ್ದೊಂದೇ ಲಾಭ.

ದಾರಿ ಇರೋದು ದೂರದಲ್ಲಿ. ಬೇರೆ ನಾಯಿ ಕಂಡರೂ ನಿಮ್ಮ ನಾಯಿ ಬೊಗಳದೆ ಸುಮ್ಮನೆ ನೋಡುವಷ್ಟು ದೂರ ಯಾವುದು ಅಂತ ಮೊದಲು ಗುರುತು ಮಾಡ್ಕೊಳ್ಳಿ. ನೂರು ಅಡಿ ಆಗಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಅಷ್ಟು ದೂರದಲ್ಲಿ ನಿಂತು, ಅದು ಬೇರೆ ನಾಯಿಯನ್ನ ನೋಡಿದ ತಕ್ಷಣ, ಬೊಗಳೋ ಮೊದಲೇ, ಬಾಯಿಗೆ ಒಂದು ಚೂರು ತಿಂಡಿ ಹಾಕಿ. ಬೇಯಿಸಿದ ಕೋಳಿ ಚೂರು, ಮೊಟ್ಟೆ, ಸಸ್ಯಾಹಾರಿಗಳ ಮನೆಯಾದ್ರೆ ಪನ್ನೀರ್. ಆ ನಾಯಿ ಮರೆಯಾದ್ರೆ ತಿಂಡಿಯೂ ಬಂದ್. ದಿನಾ ಹೀಗೆ ಮಾಡಿದ್ರೆ ಬೇರೆ ನಾಯಿ ಕಂಡಾಗ ನಿಮ್ಮ ಮುಖ ನೋಡೋಕೆ ಶುರು ಮಾಡುತ್ತೆ. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ. ವಾರದಲ್ಲಿ ಆಗೋ ಕೆಲಸ ಅಲ್ಲ, ತಿಂಗಳುಗಳೇ ಬೇಕು. ಎದುರಿಗೆ ದಿಢೀರ್ ಅಂತ ನಾಯಿ ಬಂದ್ರೆ ಮರ್ಯಾದೆ ನೋಡಬೇಡಿ, ಬಂದ ದಾರಿಗೇ ತಿರುಗಿ ಹೋಗಿ, ಇಲ್ಲಾ ನಿಂತಿರೋ ಕಾರಿನ ಮರೆಗೆ ಸರೀರಿ. ಕತ್ತಿನ ಚೈನ್ ಬದಲು ಎದೆಗೆ ಹಾಕೋ ಹಾರ್ನೆಸ್ ಒಳ್ಳೇದು. ಇಷ್ಟು ದಿನ ಸರಿ ಇದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕೋಕೆ ಶುರು ಮಾಡಿದ್ರೆ ಮೊದಲು ಪಶು ಆಸ್ಪತ್ರೆಗೆ ತೋರಿಸಿ. ಕಿವಿ ಸೋಂಕು, ಕೀಲು ನೋವು ಇದ್ದರೂ ಹೀಗಾಗುತ್ತೆ.

ಅಂಗಡಿಯವರಿಗೂ ಒಂದು ಮಾತು. ಪಾಪ ಅಂತ ಬ್ರೆಡ್ಡು, ಮಿಕ್ಕಿದ್ದು ಬಾಗಿಲ ಮುಂದೆಯೇ ಹಾಕ್ತೀರಿ. ಆಗ ನಿಮ್ಮ ಕಟ್ಟೆ ಆ ನಾಯಿಗಳು ಕಾಯೋ ಜಾಗ ಆಗುತ್ತೆ, ಹಾದುಹೋಗೋ ಪ್ರತಿ ನಾಯಿ ಮೇಲೂ ಎಗರ್ತವೆ. ಕೋಳಿ ಅಂಗಡಿ ಮುಂದಿನ ಕಥೆ ಕೇಳೋದೇ ಬೇಡ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ಹೇಳುವಂತೆ ಊಟ ಹಾಕೋ ಜಾಗ ಮಕ್ಕಳು ಆಡುವ ಕಡೆಯಿಂದ, ಜನ ಓಡಾಡೋ ಬಾಗಿಲಿಂದ ದೂರ ಇರಬೇಕು. ಅಂಥ ಜಾಗ ಗುರುತಿಸಿ ಬೋರ್ಡ್ ಹಾಕೋ ಕೆಲಸವನ್ನ ನಗರಸಭೆಯಿಂದ ಕೇಳಿ ಪಡೆಯಬೇಕು. ಬರೀ "ನಾಯಿ ಹಿಡೀರಿ" ಅನ್ನೋದಕ್ಕಿಂತ ಇದು ಆಗೋ ಬೇಡಿಕೆ.

ಸಾಕಿದವರ ಹೊಣೆ ಕಾನೂನಲ್ಲೂ ಇದೆ. ಸಾಕುಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಲಿನ ಬೈಕ್ ಬಿದ್ದಿದ್ದರೆ "ನಮ್ಮದು ಏನೂ ಮಾಡಲ್ಲ ಸಾರ್" ಅನ್ನೋ ಮಾತು ಸ್ಟೇಷನ್ನಿನಲ್ಲಿ ನಡೆಯಲ್ಲ.

ಇನ್ನೊಂದು, ಜಗಳ ಬಿಡಿಸೋಕೆ ಮಧ್ಯೆ ಕೈ ಹಾಕಬೇಡಿ. ಆ ಆವೇಶದಲ್ಲಿ ನಿಮ್ಮದೇ ನಾಯಿ ನಿಮಗೇ ಕಚ್ಚುತ್ತೆ. ನೀರು ಎರಚಿ, ಇಲ್ಲಾ ನಡುವೆ ಅಂಗಡಿಯ ರಟ್ಟಿನ ಡಬ್ಬ, ಬೋರ್ಡ್ ಏನಾದರೂ ತೂರಿಸಿ. ಹಲ್ಲು ತಾಗಿದ್ರೆ, ಸಾಕಿದ ನಾಯಿಯೇ ಆಗಿರಲಿ, ಗಾಯವನ್ನ ಹರಿಯೋ ನೀರು, ಸೋಪಿನಲ್ಲಿ ಪೂರ್ತಿ 15 ನಿಮಿಷ ತೊಳೆದು, ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಮೆತ್ತದೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮಕ್ಕೆ ಕೊಡೋ ಲಸಿಕೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ರಕ್ತ ಬಂದಿದ್ರೆ ಲಸಿಕೆ ಜೊತೆಗೆ ಗಾಯಕ್ಕೇ ಕೊಡೋ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆ ಡಾಕ್ಟರ್ ಹತ್ರ ನೀವೇ ಬಾಯಿಬಿಟ್ಟು ಕೇಳಿ. ಗಾಯ ಒಣಗಿತು ಅಂತ ಕೊನೇ ಇಂಜೆಕ್ಷನ್ ತಪ್ಪಿಸಬೇಡಿ.